ಬೆರಳು ಬಿದ್ದ ಜಾಗ

ಸೋಮವಾರ, ರಾತ್ರಿ

ಹೊಟ್ಟೆಯುರಿ ಇನ್ನೂ ಆರಿಲ್ಲ. ನಮ್ಮಿಬ್ಬರ ತಬಲ ಬಿಗಿ ಮಾಡಿಸೋಕೆ ತಂಗಿ ಜೊತೆ ಹೋಗಿದ್ದೆ. ರಿಪೇರಿಯವರು ಅವಳದನ್ನು ಬೆಳಕಿಗೆ ಹಿಡಿದು, ಚರ್ಮದ ಅಂಚಿನ ಸವೆತದ ಮೇಲೆ ಹೆಬ್ಬೆರಳಾಡಿಸಿದರು.

"ಬೆರಳು ಒಂದೇ ಜಾಗಕ್ಕೆ ಬಿದ್ದಿದೆ. ಕೈ ಅಂದ್ರೆ ಇದು! ಯಾರದಮ್ಮ?"

ನನ್ನದರ ಮೇಲೆ ಕೋಳಿ ಕೆದರಿದ ಹಾಗೆ ಎಲ್ಲೆಂದರಲ್ಲಿ ಕಲೆ.

"ಅದು ಅಕ್ಕಂದು," ಅಂತ ತನ್ನದನ್ನೇ ತೋರಿಸಿ ಅಂದುಬಿಟ್ಟಳು ತಂಗಿ.

ಕೈಯೂ ಅವಳದೇ, ದೊಡ್ಡತನವೂ ಅವಳದೇ. ನನಗೇನು ಉಳೀತು? ನನ್ನದೇ ಅನ್ನೋ ಹಾಗೆ ಹೊಗಳಿಕೆಗೆ ತಲೆ ಆಡಿಸಿದೆ. ಅವಳ ತಬಲವನ್ನೇ ಹೊತ್ತು ತಂದು ನನ್ನ ಕೋಣೆಯಲ್ಲಿಟ್ಟುಕೊಂಡೆ. ಅವಳು ವಾಪಸ್ ಕೇಳಲೂ ಇಲ್ಲ. ನುಡಿಸಿ ನೋಡಿದೆ. ಆ ಗುರುತೊಂದನ್ನು ಬಿಟ್ಟು ಎಲ್ಲ ಕಡೆ ಬೆರಳು ಬಿತ್ತು.

ಈಗ ಪಕ್ಕದ ಕೋಣೆಯಲ್ಲಿ ಅವಳು ನನ್ನದನ್ನು ನುಡಿಸ್ತಿದ್ದಾಳೆ. ಹಾಳಾದ್ದು, ನನ್ನ ಹತ್ತಿರ ಒಂದು ದಿನವಾದರೂ ಹೀಗೆ ಬಾಯಿ ಬಿಟ್ಟಿತ್ತಾ?