ಪ್ರಾಚಿಯ ಒಪ್ಪಿಗೆ

ಅನಗೋಳ, ಬೆಳಗಾವಿ
ಜನವರಿ ೫, ೨೦೨೬

ಪ್ರೀತಿಯ ಗೆಳತಿ ಕಾಶವ್ವನಿಗೆ,

ನಿನ್ನ ಅಕ್ಕಾತಾಯಿಯ ಶರಣು. ನಿಮ್ಮ ಬೀಡಿ ಊರಿನಲ್ಲಿ ಎಲ್ಲರೂ ಸುಖವಾಗಿದ್ದೀರೆಂದು ನಂಬಿದ್ದೇನೆ. ದೀಪಾವಳಿಯಿಂದ ಈಚೆಗೆ ನೀನು ಎಷ್ಟು ಸಲ ಫೋನು ಮಾಡಿದರೂ ನಾನು ಚಳಿ, ಅಡುಗೆ ಎಂದು ಏನೋ ಮಾತಾಡಿ ಇಟ್ಟುಬಿಟ್ಟೆ. ಸಿಟ್ಟಾಗಬೇಡ. ಮನೆಯ ಮಾತನ್ನು ಫೋನಿನಲ್ಲಿ ಆಡಬಾರದೆಂದು ಮಗಳು ಪ್ರಾಚಿ ನನ್ನಿಂದ ಆಣೆ ಹಾಕಿಸಿಕೊಂಡಿದ್ದಾಳೆ. ಅದಕ್ಕೇ ಈ ಕಾಗದ.

ನನ್ನ ಮಗಳಿಗೆ ಚಿಕ್ಕಂದಿನಿಂದ ಫಿಟ್ಸ್ ಇರುವುದು ನಿನಗೆ ಗೊತ್ತು. ಒಮ್ಮೆ ನಿನ್ನ ಮಡಿಲಲ್ಲೇ ಬಂದಿತ್ತು. ಮಾತ್ರೆಯಿಂದಾಗಿ ಎಷ್ಟೋ ವರ್ಷ ಅದರ ಸುಳಿವಿರಲಿಲ್ಲ. ಕಾಲೇಜಿನಲ್ಲಿ ಪಾಠ ಮಾಡಿಕೊಂಡು ಚೆನ್ನಾಗಿದ್ದಳು. ಆ ಮಾತ್ರೆಗಳನ್ನು ಫೋನಿನ ಒಂದು ಆ್ಯಪಿನಿಂದ ತರಿಸುತ್ತಿದ್ದಳು. ತಂದುಕೊಡುವವರಿಗೆ ಮನೆಯಲ್ಲಿ ಯಾರಾದರೂ ಸಿಗಲೆಂದು ಅಪ್ಪನ ನಂಬರು ಕೊಟ್ಟಿದ್ದಳು.

ನವೆಂಬರಿನಲ್ಲಿ ಖಾನಾಪುರದಿಂದ ಪಾರ್ಶ್ವ ಎಂಬ ಹುಡುಗನ ಮನೆಯವರು ಅವಳನ್ನು ನೋಡಲು ಬಂದರು. ಕಾಯಿಲೆಯ ವಿಷಯವನ್ನು ಹುಡುಗನಿಗೆ ತಾನೇ ಹೇಳುವೆನೆಂದು ಪ್ರಾಚಿ ಮೊದಲೇ ನಮ್ಮನ್ನು ಒಪ್ಪಿಸಿದ್ದಳು. ಇಬ್ಬರೂ ಮಾತಾಡಲು ಹಿತ್ತಿಲ ಕಡೆ ಏಳಬೇಕು, ಅಷ್ಟರಲ್ಲಿ ನಮ್ಮ ಯಜಮಾನರಿಗೆ ಫೋನು ಬಂತು. ಇವರ ಕಿವಿ ಮಂದ, ಸ್ಪೀಕರ್ ಹಾಕಿಯೇ ಮಾತಾಡುತ್ತಾರೆ.

"ಸರ್, ನಿಮ್ಮ ಮನೆಯಲ್ಲಿ ಪ್ರಾಚಿ ಅನ್ನೋರಿಗೆ ಮೂರ್ಛೆರೋಗ ಇದೆಯಲ್ಲ, ಅಂಥವರಿಗೆಂದೇ ನಮ್ಮಲ್ಲೊಂದು ವಿಮೆ ಇದೆ" ಎಂದು ಯಾರೋ ಹೆಣ್ಣುಮಗಳು ನಯವಾಗಿ ಹೇಳಿದಳು. ಇವರು ಗುಂಡಿ ಹುಡುಕುವಷ್ಟರಲ್ಲಿ ಮಾತ್ರೆಯ ಹೆಸರನ್ನೂ ಹೇಳಿ ಮುಗಿಸಿದ್ದಳು.

ಪಾರ್ಶ್ವನ ತಾಯಿ ಅವಲಕ್ಕಿಯ ತಾಟು ಕೆಳಗಿಟ್ಟರು. "ಮುಚ್ಚಿ ಇಡಬಾರದಿತ್ರಿ ಅಕ್ಕಾರ."

"ಮುಚ್ಚಿ ಇಟ್ಟಿಲ್ಲರಿ. ಈಗ ಹೇಳಾಕಿದ್ದೆ" ಎಂದಳು ಪ್ರಾಚಿ. ಯಾರೂ ನಂಬಲಿಲ್ಲ. ಹುಡುಗ ತಲೆ ಎತ್ತಲೇ ಇಲ್ಲ. ಅವರ ಕಾರು ತಿರುವು ದಾಟಿದ ಮೇಲೆ ಅವಳು ನನಗೆ ಅಂದದ್ದು ಇಷ್ಟೇ: "ನನ್ನ ಬಾಯಿಂದ ಹೇಳಾಕೂ ಬಿಡಲಿಲ್ಲವ್ವ ಆ ಫೋನಿನವ್ರು."

ತನ್ನ ರೋಗವನ್ನು ಯಾರ್ಯಾರಿಗೆ ತಿಳಿಸಿದ್ದೀರೆಂದು ಮಾತ್ರೆಯ ಆ್ಯಪಿನ ಕಂಪನಿಗೆ ಬರೆದು ಕೇಳಿದಳು. ತಾವೇ ಒಪ್ಪಿಗೆ ಕೊಟ್ಟಿದ್ದೀರಿ ಎಂದು ಉತ್ತರ ಬಂತು. ಯಾವಾಗಲೋ ಆ್ಯಪಿನ ಒಂದು ಚೌಕದಲ್ಲಿ ಗುರುತು ಹಾಕಿದ್ದಳಂತೆ.

ಮರುದಿನ ಹೊತ್ತು ಮುಳುಗುವ ಮುನ್ನ ಊಟ ಮುಗಿಸಿ, ಫೋನನ್ನು ನಡುವೆ ಇಟ್ಟುಕೊಂಡು ಕುಳಿತೆವು. ಯಾವ ಕಂಪನಿಯನ್ನು ನಂಬುವುದು, ಯಾವುದನ್ನು ಬಿಡುವುದು? ಪ್ರಾಚಿ ಒಂದೊಂದರ ಕರಾರನ್ನೂ ಓದುತ್ತ ಹೋದಳು. ಪಗಾರ ಬರಬೇಕಲ್ಲ, ಬ್ಯಾಂಕಿನದು ಉಳಿಯಿತು. ದಾರಿ ತೋರಿಸುವುದು ಹೋಯಿತು, ಫೋಟೋ ಇಡುವುದು ಹೋಯಿತು. ಮಾತ್ರೆಯ ವೇಳೆ ನೆನಪಿಸುವ ಆ್ಯಪು ಬಂದಾಗ ಅವಳ ತಮ್ಮ ಶ್ರೇಯಸ ತಡೆದ.

"ಇದನ್ನರೆ ಇಟ್ಕೋ ಅಕ್ಕಾ. ಯಾರಿಗೂ ಮಾರೂದಿಲ್ಲ ಅಂತ ಸ್ಪಷ್ಟ ಬರದಾರ. ಅಳಸಂದ್ರ ಅಳಸ್ತಾರಂತ."

"ನನ್ನ ಮಾಹಿತಿ ಮಾರೂದಿಲ್ಲ, ಖರೇ. ನಾಳೆ ಆ ಕಂಪನೀನ ಯಾರರೆ ಕೊಂಡ್ರ?"

ಇವರು, "ಹಂಗಾದ್ರ ಯಾರನ್ನೂ ನಂಬೂದ ಬ್ಯಾಡೇನವ್ವಾ?" ಎಂದರು. ಅವಳು ಅದನ್ನೂ ಅಳಿಸಿದಳು. ಆಮೇಲೆ ಮನೆಯಲ್ಲಿ ಯಾರ ಫೋನು ರಿಂಗಾದರೂ ಎಲ್ಲರೂ ಮಾತು ನಿಲ್ಲಿಸುವಂತಾಯಿತು.

ಕುಸರೆಳ್ಳು ಕೊಡುವ ನೆಪ ಮಾಡಿಕೊಂಡು ಸಂಕ್ರಾಂತಿಗೆ ಬಂದು ಹೋಗು. ನಿನ್ನ ಮಾತನ್ನು ಪ್ರಾಚಿ ಚಿಕ್ಕಂದಿನಿಂದ ತೆಗೆದುಹಾಕಿದವಳಲ್ಲ. ನಿನ್ನ ಮಗಳು ಸೃಷ್ಟಿಗೆ ನನ್ನ ಆಶೀರ್ವಾದ. ಅವಳ ಬದುಕು ತಂಪಾಗಿರಲಿ. ಮನೆಯವರಿಗೆಲ್ಲ ನನ್ನ ಜೈ ಜಿನೇಂದ್ರ.

ನಿನ್ನ
ಅಕ್ಕಾತಾಯಿ

ತಾ.ಕ.: ಮರೆತಿದ್ದೆ ಎಂದು ಬರೆದರೆ ಸುಳ್ಳಾಗುತ್ತದೆ, ಇದನ್ನು ಬರೆಯಲೆಂದೇ ಕುಳಿತದ್ದು. ಮಾತ್ರೆ ತರಿಸುತ್ತಿದ್ದ ಆ್ಯಪನ್ನು ಅಳಿಸಿದ ಮೇಲೆ ಪ್ರಾಚಿ ಮಾತ್ರೆಗೆಂದು ಪೇಟೆಯ ಅಂಗಡಿಗೆ ಹೋದಳಂತೆ. ಬಿಲ್ಲಿಗೆ ಮೊಬೈಲ್ ನಂಬರು ಕೇಳಿದರಂತೆ. ಬರಿಗೈಯಲ್ಲಿ ಬಂದಿದ್ದಾಳೆ, ನಮಗೆ ಹೇಳಿಲ್ಲ. ಮಾತ್ರೆಯೇ ನಿಂತುಹೋಗಿತ್ತು. ಹೋದ ವಾರ ಕಾಲೇಜಿನ ಮೆಟ್ಟಿಲ ಮೇಲೆ ಫಿಟ್ಸ್ ಬಂದು ಉರುಳಿದಳು. ಹಣೆಗೆ ಹೊಲಿಗೆ ಬಿದ್ದಿದೆ. ಆಸ್ಪತ್ರೆಯಲ್ಲಿ ಕಂಪ್ಯೂಟರಿನ ಮುಂದೆ ಕುಳಿತವಳು ಮೊದಲಿಂದ ಏನಾದರೂ ಕಾಯಿಲೆ ಇದೆಯೇ ಎಂದು ಕೇಳಿದಳು. ಪ್ರಾಚಿ ಕಣ್ಣು ತೆರೆದು ನನ್ನ ಸೆರಗು ಹಿಡಿದಳು. "ಕಾಲ್ ಜಾರಿ ಬಿದ್ದಾಳಂತ ಹೇಳವ್ವ. ನಿನ್ನ ಕಾಲಿಗೆ ಬೀಳ್ತೀನಿ." ನಾನು ಖರೇ ಸಂಗತಿಯನ್ನೇ ಬರೆಸಿದೆ, ಕಾಶವ್ವ. ಬರೆಸದಿದ್ದರೆ ಡಾಕ್ಟರರು ಯಾವ ಮದ್ದು ಕೊಡಬೇಕಿತ್ತು? ಈಗ ನನ್ನ ಕೈಯಿಂದ ಮಾತ್ರೆ ತೆಗೆದುಕೊಳ್ಳುತ್ತಾಳೆ, ಮುಖ ನೋಡುವುದಿಲ್ಲ. ಮುಂಜಾನೆ ಚಹಾ ಹಿಡಿದು ಅವಳ ಕೋಣೆಗೆ ಹೋದೆ. ನನ್ನನ್ನು ಕಂಡು ಫೋನನ್ನು ದಿಂಬಿನ ಕೆಳಗೆ ಸರಿಸಿದಳು.