ನೀರು ಹಿಡಿದು ಕಾಯುವವರಿಗೆ

ರಾಯಚೂರು, ಕೆಳಪೇಟೆ
ಕ್ರಿ.ಶ. ೨೧೯೭, ಉರಿಗಾಲದ ಎರಡನೆಯ ತಿಂಗಳು

ಕುಟುಂಬ ನ್ಯಾಯಾಲಯದ ಹೊರಜಗುಲಿಯಲ್ಲಿ ಕುಳಿತಿರುವ ಮಾನ್ಯರೇ,

ಮೇಲಿನ ತಾರೀಖನ್ನು ಕೈತಪ್ಪೆಂದು ತಿಳಿಯಬೇಡಿ. ನಾನು ನಿವೃತ್ತನಾಗುವವರೆಗೂ ಮಕ್ಕಳಿಗೆ ಕನ್ನಡ ಕಲಿಸಿದವನು. ತಾರೀಖು ತಪ್ಪಿ ಬರೆಯುವ ಅಭ್ಯಾಸ ನನಗಿಲ್ಲ. ಈ ಪತ್ರದ ಕೆಲವು ಮಾತುಗಳು ನಿಮ್ಮ ಕಿವಿಗೆ ಒರಟಾಗಿ ಕೇಳಿಸಬಹುದು, ಕ್ಷಮಿಸಬೇಕು. ಅಂಥವು ಬಂದಲ್ಲಿ ಅರ್ಥವನ್ನೂ ಹೇಳಿಕೊಂಡು ಹೋಗುತ್ತೇನೆ. ಎಪ್ಪತ್ತು ತುಂಬಿದ ಪ್ರತಿಯೊಬ್ಬರಿಗೂ ನಮ್ಮ ಸರ್ಕಾರ ಒಂದು ಹಿಂದೋಲೆಯನ್ನು ಕೊಡುತ್ತದೆ, ಎಂದರೆ ಕಳೆದುಹೋದ ಕಾಲದವರಿಗೆ ಕಳಿಸಬಹುದಾದ ಒಂದೇ ಒಂದು ಪತ್ರ. ಹೆಚ್ಚಿನವರು ತಮ್ಮ ಮುತ್ತಜ್ಜನಿಗೆ ಬರೆದು, ಇಂಥ ಹೊಲವನ್ನು ಮಾರಬೇಡ ಎಂದು ಬೇಡಿಕೊಳ್ಳುತ್ತಾರೆ. ಯಾವ ಮುತ್ತಜ್ಜನೂ ಮಾತು ಕೇಳಿದಂತಿಲ್ಲ. ನಾನು ಹೆಸರು ತಿಳಿಯದ ನಿಮಗೆ ಬರೆಯುತ್ತಿದ್ದೇನೆ. ಮಗುವನ್ನು ಇಂಥ ದಿನ ನಿಮ್ಮಲ್ಲಿಗೆ ಕಳಿಸಬೇಕೆಂದು ನ್ಯಾಯಾಲಯ ಆದೇಶಿಸಿದೆ. ಆ ದಿನ ಬಂದಿದೆ, ಮಗು ಬಂದಿಲ್ಲ. ನಿಮ್ಮ ಬಗ್ಗೆ ನನಗೆ ಗೊತ್ತಿರುವುದು ಇಷ್ಟೇ, ಬರೆಯಲು ಇಷ್ಟು ಸಾಕು.

ನಮ್ಮ ಊರು ಈಗ ಎರಡು. ಮೇಲಿನದು ಬಿಸಿಲಿನ ಊರು, ಕೆಳಗಿನದು ಮನುಷ್ಯರ ಊರು. ಉರಿಗಾಲವೆಂದು ನಾವು ಕರೆಯುವ ಬೇಸಿಗೆಯಲ್ಲಿ ಎಲ್ಲರೂ ಬಂಡೆ ಕೊರೆದು ಮಾಡಿದ ಕೆಳಪೇಟೆಗೆ ಇಳಿದುಬರುತ್ತೇವೆ. ಓಣಿಯ ಬಾಯಿಗಳಲ್ಲಿ ನೆನೆಸಿದ ಲಾವಂಚದ ಪರದೆಗಳು ತೂಗುತ್ತವೆ. ಇಲ್ಲಿ ಸೂರ್ಯ ಕಾಣದ್ದರಿಂದ ರೊಟ್ಟಿ ಬಡಿಯುವ ಸದ್ದು ಕೇಳಿಯೇ ಬೆಳಗಾಯಿತೆಂದು ತಿಳಿಯಬೇಕು. ಮೇಲಿನ ದಾರಿಯಲ್ಲಿ ಗಾಡಿಗಳು ನಸುಕಿನಲ್ಲಿ ಮತ್ತು ಸಂಜೆ ಮಾತ್ರ ಓಡುತ್ತವೆ. ಇಷ್ಟೆಲ್ಲ ಬದಲಾದರೂ ಗಂಡಹೆಂಡಿರು ಬೇರೆಯಾಗುವುದು ನಿಂತಿಲ್ಲ. ನೀವು ಕಸ್ಟಡಿ ಎನ್ನುವುದನ್ನು ನಾವು ಪೊರೆಪಾಳಿ ಎನ್ನುತ್ತೇವೆ, ಪೊರೆಯುವ ಸರದಿ ಎಂಬ ಅರ್ಥದಲ್ಲಿ. ಮಗು ಕೊನೆಗೆ ಯಾರಿಗೆ ಸಿಕ್ಕಿತು ಎಂದು ಕೇಳುವವರನ್ನು ನಾನು ಈಗಲೂ ತಿದ್ದುತ್ತೇನೆ. ಸಿಗುವುದು ಮರೆತುಬಿಟ್ಟ ಕೊಡೆ. ಮಗು ಯಾರಿಗೂ ಸಿಗುವುದಿಲ್ಲ.

ಮಗುವನ್ನು ಕೈದಾಟಿಸಲು ಪ್ರತಿ ಪೇಟೆಯಲ್ಲೂ ಒಂದು ಒಪ್ಪಿಸುಕಟ್ಟೆ ಇದೆ. ಕಳಿಸುವವರು ಮಗುವಿನ ಬಾಯಿಗೆ ಒಂದು ತುತ್ತು ಇಡಬೇಕು, ಕರೆದುಕೊಳ್ಳುವವರು ಒಂದು ಗುಟುಕು ನೀರು ಕುಡಿಸಬೇಕು. ಕಟ್ಟೆಯ ಸಾಕ್ಷಿ ಅದನ್ನು ನೋಡಿ, ತುತ್ತಾಯಿತು, ನೀರಾಯಿತು ಎಂದು ಗಟ್ಟಿಯಾಗಿ ಹೇಳಿದರೇ ಕಾನೂನಿನ ಪ್ರಕಾರ ಮಗು ಕೈದಾಟಿದಂತೆ. ಮಗುವನ್ನು ತಾರದಿದ್ದರೆ, ಕರೆದುಕೊಳ್ಳಬೇಕಾದವರು ತಂಬಿಗೆಯ ನೀರು ಹಿಡಿದು ಕಟ್ಟೆ ಮುಚ್ಚುವವರೆಗೂ ಅಲ್ಲೇ ಕೂತಿರಬೇಕು. ಆಗ ಸಾಕ್ಷಿ ತುತ್ತುಗೇಡಿನ ಚೀಟಿಯನ್ನು, ಎಂದರೆ ಮಗುವನ್ನು ತರಲಿಲ್ಲವೆಂಬುದಕ್ಕೆ ಪುರಾವೆಯನ್ನು, ಕೊಡುತ್ತಾರೆ. ನಡುವೆ ಎದ್ದುಹೋದವರಿಗೆ ಚೀಟಿ ಇಲ್ಲ. ಈ ನಿಯಮ ಮಾಡಿದವರು ಒಂದು ಸಂಗತಿಯನ್ನು ಯೋಚಿಸಲಿಲ್ಲ. ಕಟ್ಟೆ ಇರುವುದು ಸಂತೆಯ ನಡುವೆ.

ನನ್ನ ಮಗಳು ನೀಲಾಂಬಿಕೆ. ಅವಳ ಗಂಡನಾಗಿದ್ದವನು ಪಂಪನಗೌಡ, ಮೇಲಿನ ದಾರಿಯಲ್ಲಿ ಗಾಡಿ ಹಿಡಿದು ಬರಬೇಕಾದ ಬೇರೆ ಪೇಟೆಯವನು. ಮೊಮ್ಮಗಳು ತುಂಗಾ, ಆಗ ಏಳು ವರ್ಷದವಳು. ಮಗು ತಂದೆಯ ಬಳಿ ಇರತಕ್ಕದ್ದು, ತಿಂಗಳಿಗೊಂದು ವಾರ ತಾಯಿಯ ಬಳಿಗೆ ಬರತಕ್ಕದ್ದು ಎಂದು ಆದೇಶವಾಗಿತ್ತು. ಹೋದ ವರ್ಷ ಉರಿಗಾಲ ಹುಟ್ಟಿದ ತಿಂಗಳು ಪಂಪನಗೌಡ ಮಗುವನ್ನು ತರಲಿಲ್ಲ. ನಾನು ಕರೆ ಮಾಡಿದಾಗ, "ಬಿಸಲು ಭಾಳ ಐತ್ರಿ ಮಾವಾರ, ಕೂಸಿಗೆ ಏನರೆ ಆದ್ರ ಯಾರು ಹೊಣಿ?" ಎಂದ. ಮೊದಲ ಸಲ ಅದು ನಿಜವೇ ಇದ್ದೀತು. ಎರಡನೆಯ ತಿಂಗಳೂ ಅದೇ ಮಾತು, ಮೂರನೆಯದರಲ್ಲೂ ಅದೇ.

ಮೂರು ಸಲವೂ ನೀಲಾ ಹೊತ್ತಿಗೆ ಸರಿಯಾಗಿ ತಂಬಿಗೆ ಹಿಡಿದು ಕಟ್ಟೆಗೆ ಹೋದಳು. ಮೂರು ಸಲವೂ ಕಟ್ಟೆ ಮುಚ್ಚುವ ಮೊದಲೇ ಎದ್ದುಬಂದಳು. ಕಾಯಿಪಲ್ಲೆ ಮಾರುವ ಹೆಂಗಸರು ಅವಳನ್ನು ನೋಡಿ, "ಯವ್ವಾ, ನೀರು ಕಾದು ಬಿಸಿ ಆಗ್ಯಾವ, ಚಾ ಪುಡಿ ಹಾಕು" ಎಂದು ನಗುತ್ತಿದ್ದರಂತೆ. ನೀರು ಹಿಡಿದು ಕೂತವಳು ಎಂದರೆ ನಮ್ಮಲ್ಲಿ ಮಗುವಿಗೂ ಬೇಡವಾದವಳು ಎಂದು ಅರ್ಥ. ನೀಲಾ ತಂಬಿಗೆಯ ನೀರನ್ನು ಓಣಿಯ ಲಾವಂಚದ ಪರದೆಗೆ ಎರಚಿ, ಯಾರನ್ನೂ ನೋಡದೆ ಮನೆ ಸೇರುತ್ತಿದ್ದಳು. ಹೀಗೆ ಪಂಪನಗೌಡ ಮೂರು ಸಲ ಆದೇಶ ಮೀರಿದ್ದಕ್ಕೆ ಒಂದು ಚೀಟಿಯೂ ಹುಟ್ಟಲಿಲ್ಲ.

ನಾಲ್ಕನೆಯ ತಿಂಗಳು ಗಾಳಿ ತಿರುಗಿತು. ಅವನು ತುಂಗಾಳನ್ನು ಕರೆತಂದ. ತುತ್ತಾಯಿತು, ನೀರಾಯಿತು. ವಾರ ಮುಗಿದ ದಿನ ನೀಲಾ ಮಗುವಿಗೆ ತಲೆ ಬಾಚುತ್ತ ಕೂತವಳು ಮೇಲೇಳಲಿಲ್ಲ. ಹೊತ್ತಾಯಿತೆಂದು ನಾನು ಹೇಳಿದೆ. "ಅವ್ರು ಮೂರು ಸಲ ಕಳಸಲಿಲ್ಲಲ್ಲ ಅಪ್ಪಾ, ನಾ ಒಂದ್ ಸಲ ಇಟ್ಕೊಂಡ್ರ ಭೂಮಿ ಬಾಯಿ ಬಿಡ್ತದೇನು?" ಎಂದಳು. ತಪ್ಪಿಗೆ ತಪ್ಪು ಉತ್ತರವಾಗದೆಂದು ತಿಳಿಹೇಳಿದೆ. "ಸಾಲಿ ಮಾಸ್ತರಕಿ ಸಾಕು ಮಾಡ್ರಿ" ಎಂದು ಬಾಗಿಲು ಹಾಕಿಕೊಂಡಳು. ಒಳಗಿನಿಂದ ತಾಯಿಮಗಳ ನಗು ಕೇಳುತ್ತಿತ್ತು. ಆ ಮನೆಯಲ್ಲಿ ನಾನು ಕೇಳಿದ ಕೊನೆಯ ನಿಶ್ಚಿಂತೆಯ ನಗು ಅದು.

ಅಂದು ಪಂಪನಗೌಡ ತಂಬಿಗೆ ಹಿಡಿದು ಕಟ್ಟೆಯ ಮೇಲೆ ಕೂತ. ಅದೇ ಹೆಂಗಸರು ಅವನನ್ನೂ ಆಡಿಕೊಂಡರು. ಅವನು ಏಳಲಿಲ್ಲ. ಕಟ್ಟೆ ಮುಚ್ಚಿದ ಮೇಲೆ ಚೀಟಿ ಪಡೆದುಕೊಂಡು ನೇರವಾಗಿ ನ್ಯಾಯಾಲಯಕ್ಕೆ ಹೋದ.

ನಮ್ಮ ವಕೀಲರಾದ ಮೆಹತಾಬ್ ಬೇಗಂ ಅವರು ನೀಲಾಳ ಮಾತನ್ನೆಲ್ಲ ಕೇಳಿ ಕನ್ನಡಕ ತೆಗೆದಿಟ್ಟರು. "ಒಂದ ಒಂದು ಚೀಟಿ ಇದ್ರ ಸಾಕಿತ್ತವ್ವಾ. ಆದೇಶ ನಡಸ್ರಿ ಅಂತ ಅದೇ ಕೋರ್ಟಿಗೆ ಅರ್ಜಿ ಹಾಕ್ತಿದ್ದೆ, ತಪ್ಪಿದ ವಾರಾನೂ ತಿರುಗಿ ಕೊಡಸ್ತಿದ್ದೆ. ಅದಕ್ಕೂ ಬಗ್ಗಲಿಲ್ಲಂದ್ರ ನಿಂದನೆ ಕೇಸು. ಈಗ ನಾ ಏನು ಹಿಡ್ಕೊಂಡು ನಿಲ್ಲಲಿ?" ಎಂದರು. ನ್ಯಾಯಾಧೀಶರು ಕಠಿಣ ಹೃದಯದವರೇನಲ್ಲ. ತಾಯಿಯ ಮಾತು ಸುಳ್ಳೆಂದು ತಾವು ಹೇಳುವುದಿಲ್ಲ, ಆದರೆ ಆದೇಶ ಮೀರಿದ್ದಕ್ಕೆ ಪುರಾವೆ ಇರುವುದು ತಾಯಿಯ ವಿರುದ್ಧ ಮಾತ್ರ ಎಂದರು. ಅಂದಿನಿಂದ ನೀಲಾ ಮಗಳನ್ನು ಮನೆಗೆ ಕರೆತರುವಂತಿಲ್ಲ. ಕಟ್ಟೆಯ ಮೇಲೆ, ಸಾಕ್ಷಿಯ ಎದುರಿಗೆ, ತಿಂಗಳಿಗೆ ಒಂದು ಮಧ್ಯಾಹ್ನ ಭೇಟಿಯಾಗಬಹುದು.

ಕಳೆದ ಭೇಟಿಗೆ ನಾನೂ ಹೋಗಿದ್ದೆ. ನೀಲಾ ತುಂಗಾಳಿಗೆ ಇಷ್ಟವೆಂದು ಶೇಂಗಾ ಹೋಳಿಗೆ ತಂದಿದ್ದಳು. ಮಗು ಹೋಳಿಗೆಯನ್ನು ನೋಡಿತು, ದೂರದಲ್ಲಿ ನಿಂತಿದ್ದ ತಂದೆಯನ್ನು ನೋಡಿತು. ಆಮೇಲೆ ನನ್ನ ಕಿವಿಯ ಬಳಿ ಬಾಗಿ, "ಅಜ್ಜಾ, ಯಾರ ಕೈದು ತಿಂದ್ರ ಯಾರಿಗೂ ಸಿಟ್ಟು ಬರಂಗಿಲ್ಲ?" ಎಂದು ಕೇಳಿತು. ಹೋಳಿಗೆ ಹಾಗೆಯೇ ಉಳಿಯಿತು.

ಮಾನ್ಯರೇ, ನಿಮ್ಮ ಕಾಲದ ಕಾನೂನನ್ನು ಹಳೆಯ ಗ್ರಂಥಗಳಲ್ಲಿ ಓದಿದ್ದೇನೆ. ನಿಮ್ಮಲ್ಲಿ ಕಟ್ಟೆಯಿಲ್ಲ, ತುತ್ತಿಲ್ಲ; ಆದರೆ ಹಾದಿಗಳಿವೆ. ಆದೇಶವನ್ನು ನಡೆಸಿಕೊಡಿರೆಂದು ಅದನ್ನು ಕೊಟ್ಟ ನ್ಯಾಯಾಲಯಕ್ಕೇ ಅಮಲ್ಜಾರಿ ಅರ್ಜಿ ಹಾಕಬಹುದು, ತಪ್ಪಿಹೋದ ದಿನಗಳಿಗೆ ಬದಲು ದಿನಗಳನ್ನು ಕೇಳಬಹುದು. ಬೇಕೆಂದೇ ಮೀರಿದವರ ಮೇಲೆ ನ್ಯಾಯಾಂಗ ನಿಂದನೆಯ ಅರ್ಜಿ ಉಂಟು. ಮಗುವನ್ನು ಬಚ್ಚಿಟ್ಟರೆ, ಎದುರಿಗೆ ತಂದು ಹಾಜರುಪಡಿಸಿರೆಂದು ಕೇಳುವ ಹೇಬಿಯಸ್ ಕಾರ್ಪಸ್ ಅರ್ಜಿ ಹೈಕೋರ್ಟಿನಲ್ಲಿ ಉಂಟು. ಆದೇಶವೇ ನಡೆಯುವಂತಿಲ್ಲದಿದ್ದರೆ ಅದನ್ನು ಬದಲಿಸಿಕೊಡಿರೆಂದು ಬೇಡಬಹುದು. ಇವೆಲ್ಲ ನಿಧಾನದ ಹಾದಿಗಳು, ಒಳ್ಳೆಯ ವಕೀಲರಿಲ್ಲದೆ ಸವೆಯುವಂಥವಲ್ಲ. ಆದರೆ ಪ್ರತಿಯೊಂದು ಹಾದಿಯ ಬಾಗಿಲಲ್ಲೂ ಕೇಳುವುದು ಒಂದೇ: ನೀವು ಹೇಳಿದ ಹೊತ್ತಿಗೆ ಹೋಗಿದ್ದಿರಾ, ಅದಕ್ಕೆ ಗುರುತೇನು? ಆದ್ದರಿಂದ ಹೋಗಿ. ಬಾರದ ದಿನವನ್ನು ಅಂದೇ ಬರೆದಿಡಿ, ಬಂದ ಸಂದೇಶಗಳನ್ನು ಸಿಟ್ಟಿನಲ್ಲಿ ಅಳಿಸಬೇಡಿ. ಮಗು ನಿಮ್ಮಲ್ಲಿಗೆ ಬಂದ ದಿನ, ಎದೆ ಹರಿದರೂ ಸರಿ, ಹೇಳಿದ ಹೊತ್ತಿಗೆ ಹಿಂದಕ್ಕೆ ಒಪ್ಪಿಸಿ.

ನಿಮಗೇ ಏಕೆ ಬರೆದೆನೆಂದು ಕೇಳುವಿರಿ. ಹಿಂದೋಲೆಗೆ ಒಂದು ಕಟ್ಟಳೆಯಿದೆ. ಬರೆಯುವವನು ಹುಟ್ಟುವ ಮೊದಲೇ ತೀರಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ. ಅವನು ಕಣ್ಣಾರೆ ಕಂಡ ಯಾರಿಗೂ ತಲುಪುವುದಿಲ್ಲ. ಈ ಕಟ್ಟಳೆ ಇರದಿದ್ದರೆ ನಾನು ಇಷ್ಟು ಉದ್ದ ಬರೆಯುತ್ತಿರಲಿಲ್ಲ. ಉರಿಗಾಲದ ಆ ಮೊದಲ ಸಂಜೆಗೆ, ಸಂತೆಯ ನಡುವಿನ ಆ ಕಟ್ಟೆಗೆ, ಒಂದೇ ಸಾಲು ಕಳಿಸುತ್ತಿದ್ದೆ: ನೀಲಾ, ನಗುವವರು ನಗಲಿ, ಏಳಬೇಡ ಮಗಳೇ, ಇನ್ನೂ ಸ್ವಲ್ಪ ಹೊತ್ತು ಕೂತಿರು.