ಒಂದೇ ಮೊಳೆ

ಅಮ್ಮಾ,

ಸಕಲರಿಗೂ ತಿಳಿಯಪಡಿಸುವುದೇನೆಂದರೆ, ಇಂದು ಸೂರ್ಯ ಮುಳುಗುವ ಮುನ್ನವೇ ನಿನ್ನ ಮಗ ಕೊರಳಿನಿಂದ ಹೆಡ್‌ಫೋನ್ ಕಳಚಿದ್ದಾನೆ!

ನೀನು ಹೋದ ಮೇಲೆ ನಿನ್ನ ಹೊಲಿಗೆ ಕೋಣೆಯೇ ನನ್ನ ಆಫೀಸು. ನಿನ್ನ ಮೆಷಿನ್ನಿನ ಮೇಜಿನ ಮೇಲೆ ನನ್ನ ಲ್ಯಾಪ್‌ಟಾಪ್ ವಿರಾಜಮಾನವಾಗಿದೆ. ಮೀಟಿಂಗ್ ಮುಗಿದರೂ ಹೆಡ್‌ಫೋನ್ ಕೊರಳಲ್ಲೇ ಇರುತ್ತದೆ; ಊಟಕ್ಕೂ ನಾವಿಬ್ಬರೂ ಜೊತೆಯಾಗಿಯೇ ಹೋಗುತ್ತೇವೆ.

ಇವತ್ತು ನಿನ್ನ ಮೊಮ್ಮಗಳು ಹರಿದ ಗಾಳಿಪಟ ಹಿಡಿದು ಬಾಗಿಲಲ್ಲಿ ನಿಂತಳು.

“ಸಾರ್, ನಮ್ಮಪ್ಪ ಇದಾರಾ?”

“ಏನೇ ಇದು, ಸಾರ್ ಅಂತೆ!”

“ಮತ್ತೆ? ಕೊರಳಲ್ಲಿ ಟೇಪ್ ಇದ್ರೆ ಟೈಲರಮ್ಮ, ಮೊಳೆಗೆ ಹಾಕಿದ್ರೆ ಅಜ್ಜಿ. ಅಜ್ಜೀನೇ ಹೇಳಿದ್ದು. ನೀನು ಮಾತ್ರ ಯಾವಾಗ್ಲೂ ಟೈಲರೇ!”

ಚಿಕ್ಕವನಿದ್ದಾಗ ನೀನು ಟೇಪು ತೆಗೆಯುವುದನ್ನೇ ಕಾದು ಮಡಿಲಿಗೆ ಹಾರುತ್ತಿದ್ದವನಿಗೇ ಈ ಪಾಠ, ನೋಡು.

ಹೆಡ್‌ಫೋನ್ ನೇತುಹಾಕಲು ಹೋದರೆ, ಕೋಣೆಗೆಲ್ಲ ಇರುವುದು ಅದೊಂದೇ ಮೊಳೆ. ಅದರಲ್ಲಿ ನಿನ್ನ ಟೇಪು ಇನ್ನೂ ಹಾಗೇ ಇದೆ. ತೆಗೆಯಲು ಕೈ ಬರಲಿಲ್ಲ. ಅದರ ಮೇಲೆಯೇ ಹಾಕಿದೆ. ಆಮೇಲೆ ಗಾಳಿಪಟಕ್ಕೆ ತೇಪೆ ಹಚ್ಚಿ, ಮಹಡಿ ಮೇಲೆ ಹಾರಿಸಿ ಬಂದೆವು.

ನಾಳೆ ಸಂಜೆಯೂ ಹೆಡ್‌ಫೋನ್ ಹಿಡಿದು ಆ ಮೊಳೆಯ ಹತ್ತಿರವೇ ಬರುತ್ತೇನಮ್ಮ. ಸ್ವಲ್ಪ ಆ ಕಡೆ ಸರಿದು ಜಾಗ ಮಾಡಿಕೊಡು, ಆಯ್ತಾ?